ಪಹಣಿ ಇಲ್ಲದವರ ಲೆಕ್ಕ

ನಮ್ಮ ಕಡೆ ಸಾಲದ ಮಾತು ಶುರುವಾಗುವುದೇ ಪಹಣಿಯಿಂದ. ಭೇರ್ಯದಲ್ಲಾಗಲಿ, ಸಾಲಿಗ್ರಾಮದಲ್ಲಾಗಲಿ, ಬೆಳೆ ಸಾಲಕ್ಕೆಂದು ಸೊಸೈಟಿಯ ಮೆಟ್ಟಿಲು ಹತ್ತಿದರೆ ಮೊದಲು ಕೇಳುವುದು ಅದನ್ನೇ. ನಾಲೆ ನೀರು, ಭತ್ತದ ಗದ್ದೆ, ಅಪ್ಪನ ಹೆಸರಿನ ಖಾತೆ, ಇವಿಷ್ಟರ ಮೇಲೆ ಕೆ.ಆರ್. ನಗರ ಸೀಮೆಯ ಮನೆಗಳ ಹಣಕಾಸು ನಿಂತಿದೆ. ಮಗಳ ಮದುವೆಗೂ ಅದೇ ಜಮೀನು, ಮಗನ ಕಾಲೇಜಿಗೂ ಅದೇ ಜಮೀನು. ಹಾಗಿರುವಾಗ, ಇದೇ ಮೈಸೂರು ಜಿಲ್ಲೆಯಲ್ಲಿ ಒಂದು ಗುಂಟೆಯೂ ತಮ್ಮ ಹೆಸರಿಗಿಲ್ಲದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿರುವ ಜನ ದುಡ್ಡನ್ನು ಹೇಗೆ ನಿಭಾಯಿಸಿದರು ಎಂಬುದನ್ನು ನಾವು ಕೇಳಿಕೊಂಡದ್ದೇ ಕಡಿಮೆ.

ಪಿರಿಯಾಪಟ್ಟಣದ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಹಲವು ವರ್ಷ ಕೆಲಸ ಮಾಡಿದ್ದರಿಂದ ನನಗೆ ಅವರ ಲೆಕ್ಕ ಹತ್ತಿರದಿಂದ ನೋಡಲು ಸಿಕ್ಕಿತು. ಬೈಲಕುಪ್ಪೆಯ ಟಿಬೆಟಿಯನ್ನರ ಮಾತು ಹೇಳುತ್ತಿದ್ದೇನೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಬಿಟ್ಟುಕೊಟ್ಟಿತು. 1969ರಲ್ಲಿ ಅಲ್ಲೇ ಇನ್ನೊಂದು ವಸತಿ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ಎದ್ದಿತು. ಕಾಡು ಕಡಿದು, ಆನೆ ಓಡಿಸಿ, ಕಂಡರಿಯದ ಬಿಸಿಲಿಗೆ ಮೈಯೊಡ್ಡಿ ಅವರು ಮುಸುಕಿನ ಜೋಳ ಬೆಳೆದರು. ಆದರೆ ಆ ಭೂಮಿ ಗುತ್ತಿಗೆಯದು. ಉಳುವ ಮನೆಯವರು ಅದನ್ನು ಮಾರುವಂತಿಲ್ಲ, ಬ್ಯಾಂಕಿಗೆ ಅಡವಿಡುವಂತಿಲ್ಲ.

ಬ್ಯಾಂಕಿನವನ ಕಣ್ಣಿನಲ್ಲಿ ಇದರ ಅರ್ಥ ಒಂದೇ: ಭದ್ರತೆ ಇಲ್ಲ. ಅವರ ಕೈಯಲ್ಲಿರುವುದು ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಖಾತೆ ತೆರೆಯಬಹುದು, ಪ್ಯಾನ್ ಪಡೆಯಬಹುದು, ಉಳಿತಾಯ ಮಾಡಬಹುದು. ದೊಡ್ಡ ಸಾಲ ಎಂದ ಕೂಡಲೇ ಫೈಲು ನಿಧಾನವಾಗುತ್ತದೆ. ಹೆಣ್ಣುಮಕ್ಕಳ ಕೊರಳಲ್ಲಿ ಹವಳವಿರುತ್ತದೆ, ಮನೆಯಲ್ಲಿ ಹಳೆಯ ಮಣಿಸರ ಇರುತ್ತದೆ. ಅವರ ಸಮಾಜದಲ್ಲಿ ಅದಕ್ಕೆ ದೊಡ್ಡ ಬೆಲೆ. ನಮ್ಮ ಅಪ್ರೈಸರ್ ಮಾತ್ರ ಚಿನ್ನ ಬಿಟ್ಟು ಬೇರೇನನ್ನೂ ತಕ್ಕಡಿಗೆ ಹಾಕುವುದಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಪುನರ್ವಸತಿ ನೀತಿ ತಂದಿತು. ವಸತಿಗಳ ಭೂಮಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡುವಂತೆ ಅದು ರಾಜ್ಯಗಳಿಗೆ ಹೇಳಿತು. ಅದರಿಂದ ನೆಲೆ ಗಟ್ಟಿಯಾದೀತು, ಒಡೆತನ ಬರುವುದಿಲ್ಲ.

ಪೌರತ್ವ ಪಡೆದರೆ ಆಯಿತಲ್ಲ ಎನ್ನುವವರಿದ್ದಾರೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಟಿಬೆಟಿಯನ್ನರ ವಿಷಯದಲ್ಲೂ ಅದನ್ನೇ ಹೇಳಿದವು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ವಿದೇಶಾಂಗ ಸಚಿವಾಲಯ ಒಪ್ಪಿದಾಗ ಜೊತೆಗೆ ಷರತ್ತುಗಳೂ ಬಂದವು: ಆರ್‌ಸಿ ಒಪ್ಪಿಸಬೇಕು, ಕ್ಯಾಂಪಿನಲ್ಲಿ, ಅಂದರೆ ಆ ವಸತಿಗಳಲ್ಲಿ, ವಾಸ ಬಿಡಬೇಕು, ಅಲ್ಲಿನ ಸವಲತ್ತು ಬಿಡಬೇಕು. ವಯಸ್ಸಾದ ಅಪ್ಪ ಅಮ್ಮನ ಜೊತೆ ಕ್ಯಾಂಪಿನ ಮನೆಯಲ್ಲಿರುವ ನಲವತ್ತರ ಮನುಷ್ಯನಿಗೆ ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲ, ಮನೆ ಬಾಡಿಗೆಯ ಪ್ರಶ್ನೆಯೂ ಹೌದು.

ಭೂಮಿಯ ಭದ್ರತೆ ಇಲ್ಲದವರ ದುಡ್ಡು ಎಲ್ಲಿಂದ ಬರುತ್ತದೆ? ಬಹಳ ಮನೆಗಳಿಗೆ ಸ್ವೆಟರ್ ವ್ಯಾಪಾರದಿಂದ. ಮಳೆಗಾಲ ಮುಗಿದ ಮೇಲೆ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಮಾಲು ಎತ್ತುತ್ತಾರೆ. ಊರೂರಿಗೆ ಹೋಗಿ ಡೇರೆ ಹಾಕಿ, ಚಳಿ ಮುಗಿಯುವವರೆಗೆ ಮಾರಿ ವಾಪಸಾಗುತ್ತಾರೆ. ಮಾಲಿನ ಬಹುಭಾಗ ಉದ್ರಿ. ಅಡಮಾನ ಪತ್ರವಿಲ್ಲ. ಸೀಸನ್ ಮುಗಿದಾಗ ಹಣ ತೀರಿಸುತ್ತಾರೆ ಎಂಬ ನಂಬಿಕೆ, ಆ ನಂಬಿಕೆಗೆ ಬೆನ್ನಾಗಿ ವ್ಯಾಪಾರಿಗಳ ಸಂಘ, ಇವೇ ಭದ್ರತೆ. ಒಬ್ಬ ಮುಳುಗಿಸಿದರೆ ಮುಂದಿನ ವರ್ಷ ಹತ್ತು ಮನೆಗೆ ಮಾಲು ಸಿಗದು. ಹಾಗಾಗಿ ಒಬ್ಬನ ಬಾಕಿ ಹತ್ತೂ ಮನೆಯ ಚಿಂತೆ.

ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಮಾರ್ಚ್ ಹೊತ್ತಿಗೆ ದುಡ್ಡು ಹಾಕಲು ಬರುತ್ತಿದ್ದರು. ಗದ್ದೆ ಕೆಲಸದ ಆಳುಗಳ ಜೊತೆ ಮಾತಾಡಿ ಕಲಿತ ಕನ್ನಡ ಅವರದು. "ಲೂಧಿಯಾನಾ ದುಡ್ಡು ಇದು, ಮೊದ್ಲು ಕಳ್ಸಿ ಸಾರ್. ಮುಂದಿನ್ ವರ್ಷದ್ ಜಾಗದ್ ಬಾಡಿಗೆ, ಲಾರಿ ದುಡ್ಡು ಇದು. ಇದುನ್ನ ಮುಟ್ಟಂಗಿಲ್ಲ. ಉಳಿದಿದ್ದು ಮನೇಗೆ" ಎಂದು ಮೂರು ಕಟ್ಟು ಬೇರೆ ಬೇರೆ ಎಣಿಸಿ ಕೊಡುತ್ತಿದ್ದರು. ಮೂರನೆಯ ಕಟ್ಟು ಸಣ್ಣದಾದ ವರ್ಷ ಮನೆಯ ಖರ್ಚೂ ಸಣ್ಣದಾಗುತ್ತಿತ್ತು. ಎರಡನೆಯ ಕಟ್ಟಿಗೆ ಕೈ ಹಾಕಿದ್ದನ್ನು ನಾನು ನೋಡಲಿಲ್ಲ. ನಮ್ಮ ಭತ್ತದ ದುಡ್ಡು, ಪಿರಿಯಾಪಟ್ಟಣ ಹುಣಸೂರಿನವರ ತಂಬಾಕು ಹರಾಜಿನ ದುಡ್ಡು ಇದರಂತೆಯೇ ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತದೆ. ಮುಂದಿನ ಬೆಳೆಯ ಗೊಬ್ಬರದ ಖರ್ಚನ್ನು ಅದೇ ದಿನ ಬೇರೆ ಎತ್ತಿಡುವ ಮನೆಗಳು ನಮ್ಮಲ್ಲಿ ಎಷ್ಟಿವೆ? ಪಹಣಿ ಇದೆಯಲ್ಲ, ಮತ್ತೆ ಸಾಲ ಸಿಗುತ್ತದಲ್ಲ ಎಂಬ ಧೈರ್ಯ ನಮ್ಮನ್ನು ಕೆಡಿಸಿದೆ ಎಂದೇ ನನ್ನ ಅಭಿಪ್ರಾಯ. ಸ್ವಂತಕ್ಕೆ ನಾನು ಆ ಮೂರು ಕಟ್ಟಿನ ಪದ್ಧತಿಯನ್ನು ಗದ್ದೆಯ ಹಣಕ್ಕೆ ಅಳವಡಿಸಿಕೊಂಡೆ. ಗೊಬ್ಬರದಂಗಡಿಯ ಉದ್ರಿ ಬಡ್ಡಿ ಅಲ್ಲಿಗೆ ನಿಂತಿತು.

ಈ ಜನರಿಂದ ನಮ್ಮ ಹಳ್ಳಿಗಳಿಗೆ ಬಂದ ಇನ್ನೊಂದು ದೊಡ್ಡ ಕೊಡುಗೆಯೂ ಇದೆ. ಟಿಬೆಟಿಯನ್ನರ ಪುನರ್ವಸತಿಗೆ ಕೈಜೋಡಿಸಲು 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು, ಮೈಸೂರು ರಿಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ನಾವು ಮೈರಾಡ ಎನ್ನುವುದು ಅದನ್ನೇ. ಪುನರ್ವಸತಿಯ ಕೆಲಸ ಮುಗಿಯುತ್ತಾ ಬಂದಂತೆ ಅದು ಸುತ್ತಲಿನ ಬಡವರ ಕಡೆ ತಿರುಗಿತು. 1980ರ ದಶಕದ ನಡುವೆ, ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ಒಡೆದಾಗ, ಸದಸ್ಯರು ಪರಸ್ಪರ ನಂಬುವ ಹತ್ತು ಹದಿನೈದು ಜನರ ಸಣ್ಣ ಗುಂಪುಗಳಾಗಿ ನಿಂತರು. ತಾವೇ ಉಳಿಸಿ ತಾವೇ ಸಾಲ ಕೊಟ್ಟುಕೊಂಡರು. 1987ರಲ್ಲಿ ನಬಾರ್ಡ್ ಈ ಗುಂಪುಗಳಿಗೆ ನೆರವು ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಇವತ್ತು ಭೇರ್ಯದ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂತು ಪುಸ್ತಕ ಬರೆಯುವಾಗ, ಅವರ ಹೆಸರಿಗೂ ಪಹಣಿ ಇಲ್ಲ ಎಂಬುದನ್ನು ನೆನೆಯಬೇಕು. ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಜಮೀನಿರುವ ಮನೆಯಲ್ಲಿ ಆಕೆಗೂ ಸಿಗುವ ಭದ್ರತೆ ಪಕ್ಕದಲ್ಲಿ ಕೂತವಳ ಮಾತೇ. ಆ ಗುಂಪಿನ ಸಾಲ ಸರಿಯಾಗಿ ತೀರುವುದನ್ನು ಕೌಂಟರಿನ ಒಳಗಿನಿಂದ ನೋಡಿದವನು ನಾನು. ಅದರ ಮೇಲೆ ನನಗೆ ಅಪಾರ ಗೌರವ.

ಈಗ ನಮ್ಮ ಮನೆಯ ಮಾತು. ನನ್ನ ಅಣ್ಣನ ಮಗ ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಅವನೇ ಹೊರಗಿನವನು. ತೊಂಬತ್ತು ದಿನಕ್ಕೊಮ್ಮೆ ತಾನಿರುವ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ಥಾಯ್ಲೆಂಡಿನಲ್ಲಿ ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ಅದೂ ಕಟ್ಟಡದ ಎಲ್ಲ ಫ್ಲ್ಯಾಟ್‌ಗಳ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರೆಲ್ಲರ ಪಾಲು ಸೇರಿ 49% ಮೀರದಂತೆ. ಐವತ್ತು ದಾಟಿ ನಿವೃತ್ತರಾಗಿ ಅಲ್ಲಿ ನೆಲೆಸಬೇಕೆಂದರೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ತೋರಿಸುವುದು ಸಾಮಾನ್ಯ ದಾರಿ. "ಇಲ್ಲಿ ಏನಿದ್ರೂ ಬಾಡಿಗೆ ಬದುಕೇ ಚಿಕ್ಕಪ್ಪ, ಊರಲ್ಲೇ ಒಂದೆರಡೆಕರೆ ತಗೋಳೋಣ" ಎಂದು ಫೋನಿನಲ್ಲಿ ಹೇಳಿದ. ಅಲ್ಲೇ ತೊಡಕಿರುವುದು. ರಾಜ್ಯದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ರೈತರಲ್ಲದವರೂ ಜಮೀನು ಕೊಳ್ಳಬಹುದು ಎಂಬುದು ನಮ್ಮವರಿಗೆ ಗೊತ್ತು. ಆದರೆ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವುದನ್ನು ವಿದೇಶಿ ವಿನಿಮಯದ ಕಾನೂನು ಈಗಲೂ ತಡೆಯುತ್ತದೆ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಭೇರ್ಯದಲ್ಲಿ ಹುಟ್ಟಿದ ಹುಡುಗನಿಗೆ ಬ್ಯಾಂಕಾಕ್‌ನಲ್ಲೂ ನೆಲವಿಲ್ಲ, ಅಲ್ಲಿರುವಷ್ಟು ಕಾಲ ಭೇರ್ಯದ ಗದ್ದೆ ಕೊಳ್ಳಲೂ ಆಗದು.

ಅಪ್ಪನ ಹೆಸರಿಗೆ ಹಣ ಕಳಿಸಿ ಅವರ ಹೆಸರಿನಲ್ಲೇ ಕೊಳ್ಳೋಣ ಎಂದ. ಕಳಿಸಬಹುದು. ಕೊಟ್ಟ ಹಣ ಕೊಟ್ಟಂತೆಯೇ, ಜಮೀನು ಅಪ್ಪನದು. ಅಪ್ಪ ವಿಲ್ ಬರೆಸದೆ ಹೋದರೆ ತಾಯಿಗೂ ಅಕ್ಕತಂಗಿಯರಿಗೂ ಸಮಪಾಲು. ಅದು ನ್ಯಾಯವೇ, ಆದರೆ ಹಣ ಕಳಿಸುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿರಬೇಕು. ನಾವು ಹಾಗೆ ಕೂತು ಮಾತಾಡಿದೆವು. ಜಮೀನಿನ ಯೋಚನೆ ಬಿಟ್ಟು ಅವನು ಅನಿವಾಸಿಗಳು ಹೊರದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯಲ್ಲಿ ಠೇವಣಿ ಇಟ್ಟ. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಬೇಕೆಂದಾಗ ವಾಪಸ್ ಒಯ್ಯಬಹುದು.

ನಮ್ಮ ಸುತ್ತಲ ಊರುಗಳಿಂದ ಹೊರದೇಶಕ್ಕೆ ಹೋಗುವ ಮಕ್ಕಳು ಹೆಚ್ಚುತ್ತಿದ್ದಾರೆ. ಅವರ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮಗ ಅಥವಾ ಮಗಳು ಹೊರಡುವ ಮುನ್ನ ಬ್ಯಾಂಕಿಗೆ ಹೋಗಿ ಅವರ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಿಸುವ ಅರ್ಜಿ ಕೇಳಿ. ಹಳೇ ಖಾತೆಯನ್ನೇ ಮುಂದುವರಿಸುವುದು ಕಾನೂನಿಗೆ ಸರಿಯಲ್ಲ. ನಾಮಿನಿ ಹೆಸರು ಹಾಕಿಸಿ. ಮೈಸೂರಿನಲ್ಲಿ ಅವರ ಹೆಸರಿನ ಮನೆ ಬಾಡಿಗೆಗಿದ್ದರೆ, ಬಾಡಿಗೆದಾರ 30%ಕ್ಕೂ ಹೆಚ್ಚು ಟಿಡಿಎಸ್ ಹಿಡಿಯಬೇಕಾಗುತ್ತದೆ ಎಂಬುದನ್ನು ಅವನಿಗೆ ಮೊದಲೇ ತಿಳಿಸಿ. ತಾತನ ಹೆಸರಿನಲ್ಲೇ ಉಳಿದಿರುವ ಜಮೀನಿದ್ದರೆ, ಅವರು ಊರಲ್ಲಿರುವಾಗಲೇ ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿಕೊಳ್ಳಿ.