ಬೆಳ್ಳಿಯ ಮೇಲೆ ಯಾರ ಮುಖ?

ದಂಡಿಗನಹಳ್ಳಿ ಕಡೆ ಮನೆಯೊಂದನ್ನು ಆಶೀರ್ವದಿಸಲು ಹೋಗಿದ್ದೆ. ಅಜ್ಜಿಯೊಬ್ಬರು ಬಟ್ಟೆಯ ಗಂಟು ಬಿಚ್ಚಿ 1862ರ ಬೆಳ್ಳಿ ರೂಪಾಯಿ ತೋರಿಸಿದರು. ಅದರ ಮೇಲೆ ವಿಕ್ಟೋರಿಯಾ ರಾಣಿಯ ಮುಖ. ಮೊಮ್ಮಗ ಕೇಳಿದ: “ನಮ್ಮ ರಾಜರು ಮೈಸೂರಿನವರಲ್ವಾ ಫಾದರ್? ಇವರ್ಯಾಕೆ ಬಂದ್ರು?”

ಪ್ರಿಯ ಓದುಗರೇ, ಅವನ ಪ್ರಶ್ನೆ ಸಣ್ಣದಲ್ಲ. ಬೆಂಗಳೂರಿನಲ್ಲಿದ್ದ ಮೈಸೂರು ಟಂಕಸಾಲೆ 1843ರಲ್ಲಿ ಮುಚ್ಚಿತು. ಅರಮನೆ ಉಳಿಯಿತು, ಬೆಳ್ಳಿ ಮಾತ್ರ ಪರರ ಪಾಲಾಯಿತು.

ಯೇಸುಸ್ವಾಮಿಯ ನಾಡಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಹೆರೋದನು ರಾಜನೇ ಹೌದು, ಆದರೆ ರೋಮಿನ ಕೃಪೆಯಿಂದ ರಾಜ. ಅವನೂ ಅವನ ಮಕ್ಕಳೂ ಅಚ್ಚು ಹಾಕಿಸಿದ್ದು ಕಂಚಿನ ಕಾಸು ಮಾತ್ರ. ಬೆಳ್ಳಿ ಬೇಕೆಂದರೆ ಹೊರಗಿನಿಂದಲೇ ಬರಬೇಕು. ಜೆರುಸಲೇಮಿನ ದೇವಾಲಯದ ಕಾಣಿಕೆಗೂ ತೂರ್ ಪಟ್ಟಣದ ಬೆಳ್ಳಿಯೇ ಬೇಕಿತ್ತು. ಅದರ ಮೇಲಿದ್ದದ್ದು ಆ ಊರಿನ ದೇವರ ಮುಖ! ಯಾಜಕರು ಅದನ್ನು ಸಹಿಸಿಕೊಂಡರು, ಏಕೆಂದರೆ ಆ ಬೆಳ್ಳಿ ಶುದ್ಧವಾಗಿತ್ತು.

ತೆರಿಗೆಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಓದಿ (ಮತ್ತಾಯ 22). ಕೊಡಿರಿ ಎಂದರೆ ಜನದ್ರೋಹ, ಬೇಡ ಎಂದರೆ ರಾಜದ್ರೋಹ. ಎರಡೂ ಪ್ರಾಣಕ್ಕೆ ಸಂಚಕಾರ. ಸ್ವಾಮಿ ನಾಣ್ಯ ತೋರಿಸಲು ಹೇಳಿದರು. ತೋರಿಸಿದವರು ಅವರನ್ನು ಸಿಕ್ಕಿಸಲು ಬಂದವರೇ. ನಾಣ್ಯ ಅವರ ಬಳಿಯೇ ಇತ್ತು. ಅದು ದಿನಾರಿಯಸ್, ಬಹುಶಃ ಚಕ್ರವರ್ತಿ ತಿಬೇರಿಯನದು. ಅವನನ್ನು ‘ದೈವಿಕ ಅಗಸ್ಟಸನ ಮಗ’ ಎಂದು ಅದರ ಮೇಲೆ ಬರೆದಿತ್ತು.

ಅಂಥ ನಾಣ್ಯ ನೋಡಲು ಪಾಲೆಸ್ತೀನಕ್ಕೇ ಹೋಗಬೇಕಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ತಿಬೇರಿಯರ ದಿನಾರಿಯಸ್‌ಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತು. ವ್ಯಾಪಾರದ ದಾರಿಯಲ್ಲಿ ಬಂದ ಆ ಮುಖಕ್ಕೆ ಇಲ್ಲಿ ಯಾರೂ ತೆರಿಗೆ ಕಟ್ಟಬೇಕಿರಲಿಲ್ಲ. ಇಲ್ಲಿ ಅದು ಬರೀ ಬೆಳ್ಳಿ.

ಹಾಗಾದರೆ ರೋಮಿಗೆ ತಲೆಬಾಗಿದ ಯಾವ ರಾಜನೂ ಬೆಳ್ಳಿ ಹೊಡೆಸಲಿಲ್ಲವೇ? ಹೆರೋದನ ನೆರೆಯವನೇ ಹೊಡೆಸಿದ. ನಬತೇಯರ ಅರಸ ನಾಲ್ಕನೆಯ ಅರೇತ (ಕ್ರಿ.ಪೂ. 9ರಿಂದ ಕ್ರಿ.ಶ. 40). ದಮಸ್ಕದಲ್ಲಿ ಸಂತ ಪೌಲರನ್ನು ಹಿಡಿಯಲು ಕಾವಲು ಹಾಕಿದ್ದು ಇವನ ಅಧಿಕಾರಿಯೇ. ಪೌಲರು ಬುಟ್ಟಿಯಲ್ಲಿ ಕುಳಿತು ಗೋಡೆಯಿಂದ ಇಳಿದು ಪಾರಾದರು (2 ಕೊರಿಂಥ 11). ಇವನ ಮಗಳನ್ನೇ ಹೆರೋದ ಅಂತಿಪನು ಬಿಟ್ಟು ಹೆರೋದಿಯಳನ್ನು ಕಟ್ಟಿಕೊಂಡದ್ದು. ಅದನ್ನು ಖಂಡಿಸಿದ ಸ್ನಾನಿಕ ಯೊವಾನ್ನರ ತಲೆ ಹೋಯಿತು. ಮುಂದೆ ಅರೇತ ಅಂತಿಪನ ಸೈನ್ಯವನ್ನು ಸೋಲಿಸಿದ.

ಅರೇತನ ಬೆಳ್ಳಿಯ ಮೇಲೆ ಅವನ ಮುಖದ ಜೊತೆಗೆ ರಾಣಿಯದೂ ಇದೆ. ಮೊದಲು ಹುಲ್ದು, ನಂತರ ಶಕೀಲತ್. ಸತಿಪತಿಯರ ಮುಖ ಒಂದೇ ನಾಣ್ಯದಲ್ಲಿ! ಬಿರುದು ‘ತನ್ನ ಜನರನ್ನು ಪ್ರೀತಿಸುವವನು’. ಆದರೆ ನಾಣ್ಯದಲ್ಲಿ ಬೆಳ್ಳಿಯ ಅಂಶ ಅವನ ಕಾಲದಲ್ಲೇ ಇಳಿಯುತ್ತ ಹೋಯಿತು. ಸಂತೆಯಲ್ಲಿ ಆ ನಾಣ್ಯ ಹಿಡಿದು ನಿಂತವನಿಗೆ ಆ ಬಿರುದು ಹೇಗೆ ಕಂಡಿತೋ.

ಕ್ರಿ.ಶ. 106ರಲ್ಲಿ ಚಕ್ರವರ್ತಿ ಟ್ರಾಜನ್ ಆ ರಾಜ್ಯವನ್ನು ರೋಮಿಗೆ ಸೇರಿಸಿಕೊಂಡ. ನಬತೇಯರ ಹಳೆಯ ನಾಣ್ಯಗಳನ್ನು ಕರಗಿಸುವ ಗೋಜಿಗೂ ಹೋಗದೆ, ಅವುಗಳ ಮೇಲೆಯೇ ಹೊಸ ಅಚ್ಚು ಒತ್ತಿಸಿದರು: ಒಂದು ಬದಿಗೆ ಟ್ರಾಜನ್, ಇನ್ನೊಂದು ಬದಿಗೆ ಒಂಟೆ. ಕೆಲವು ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದಡಿಯಿಂದ ಹಳೆಯ ಅರಸನ ಗುರುತು ಇನ್ನೂ ಇಣುಕುತ್ತದೆ.