ಹೊಲಿಗೆ ಹಾಕುವ ಕೈ ಪಳಗಲು 8 ಸೂತ್ರಗಳು

ದಸರಾ ರಜೆಗೆ ಗಂಗಾವತಿ ಬಳಿಯ ಹೇಮಗುಡ್ಡಕ್ಕೆ ಬಂದ ಮೆಡಿಕಲ್ ವಿದ್ಯಾರ್ಥಿಗೆ ದುರ್ಗಾದೇವಿಯ ಮೆರವಣಿಗೆ ಮುಗಿದ ಮೇಲೆ ಪುರುಸೊತ್ತೇ ಪುರುಸೊತ್ತು. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವೂ ಹೊಲಿಗೆಯನ್ನು ಮೊದಲು ಮಾದರಿಗಳ ಮೇಲೆ ಕಲಿಯಿರಿ ಎನ್ನುತ್ತದೆ. ಬೇಕಾದ ಮಾದರಿಗಳು ಮನೆಯಲ್ಲೇ ಇವೆ. ಗುರಿ ಇಷ್ಟೇ: ಗಾಯದ ಅಂಚುಗಳು ಕೂಡಬೇಕು, ಹಿಂಡಿಕೊಳ್ಳಬಾರದು.

1. ಗಂಟಿನಿಂದ ಶುರು ಮಾಡಿ. ಎರಡು ಬಣ್ಣದ ಲಾಡಿಗಳ ತುದಿ ಸೇರಿಸಿ ಕಿಟಕಿಯ ಸರಳಿಗೆ ಸುತ್ತಿ, ಎರಡೂ ಕೈಗಳಿಂದ ರೀಫ್ ಗಂಟು ಹಾಕಿ. ಎರಡನೇ ಸುತ್ತು ಮೊದಲಿನದಕ್ಕೆ ವಿರುದ್ಧ ದಿಕ್ಕಿನಲ್ಲಿರಬೇಕು. ಒಂದೇ ದಿಕ್ಕಿನಲ್ಲಿ ಹಾಕಿದರೆ ಗಂಟು ಜಾರುತ್ತದೆ. ನೈಲಾನ್ ದಾರಕ್ಕೆ ಇನ್ನೂ ಒಂದೆರಡು ಸುತ್ತು ಬೇಕು.

2. ಬಟ್ಟೆಯ ಅಂಚು ಹಿಡಿಯಿರಿ. ಹೊಲಿಗೆ ಕಲಿಯುವ ಶಿಷ್ಯನಿಗೆ ಸುಶ್ರುತ ಸಂಹಿತೆ ಹೇಳುವುದು ತೆಳು ಬಟ್ಟೆ, ದಪ್ಪ ಬಟ್ಟೆ ಮತ್ತು ಮೆತ್ತನೆಯ ಚರ್ಮದ ಅಂಚುಗಳನ್ನೇ. ನಮ್ಮಲ್ಲಿ ತೆಳುವಿಗೆ ಹಳೆಯ ಸೀರೆ, ದಪ್ಪಕ್ಕೆ ಹರಿದ ಕೌದಿ.

3. ಸೂಜಿಯನ್ನು ಬೆರಳಲ್ಲಿ ಹಿಡಿಯಬೇಡಿ. ಬಾಗಿದ ಸೂಜಿಯನ್ನು ಮೊನೆಯಿಂದ ಮೂರರಲ್ಲಿ ಎರಡು ಭಾಗ ಬಿಟ್ಟು ನೀಡಲ್ ಹೋಲ್ಡರ್‌ನಲ್ಲಿ ಕಚ್ಚಿಸಿ. ಹಿಡಿಕೆಯ ಬಳೆಗಳಲ್ಲಿ ಹೆಬ್ಬೆರಳು ಮತ್ತು ಉಂಗುರ ಬೆರಳು. ತೋರುಬೆರಳು ಉದ್ದಕ್ಕೆ ಆಸರೆ.

4. ನೆಟ್ಟಗೆ ಚುಚ್ಚಿ, ಮಣಿಕಟ್ಟು ತಿರುಗಿಸಿ. ಸೂಜಿ 90 ಡಿಗ್ರಿಯಲ್ಲಿ ಇಳಿದು ತನ್ನ ಬಾಗಿನಂತೆಯೇ ಹೊರಬರಲಿ. ಓರೆಯಾಗಿ ಮೇಲೆಮೇಲೆ ಚುಚ್ಚಿದರೆ ಅಂಚು ಒಳಕ್ಕೆ ಮಡಚುತ್ತದೆ. ಅದು ತುಸು ಹೊರಕ್ಕೆ ಎದ್ದಿರಬೇಕು.

5. ಬಾಳೆಹಣ್ಣನ್ನು ಪರೀಕ್ಷಕನಾಗಿಸಿ. ಸಿಪ್ಪೆ ಸುಲಿಯದ ಹಣ್ಣಿನ ಮೇಲೆ 5 ಸೆಂ.ಮೀ. ಸೀಳು ಹಾಕಿ ಹೊಲಿಯಿರಿ. ಗಂಗಾವತಿಯ ಮಿಲ್‌ನಲ್ಲಿ ದಬ್ಬಣದಿಂದ ಭತ್ತದ ಚೀಲ ಹೊಲಿದಂತೆ ಜಗ್ಗಿದಿರೋ, ಸಿಪ್ಪೆ ಅಲ್ಲೇ ಹರಿಯುತ್ತದೆ. ಮನುಷ್ಯರ ಚರ್ಮ ಹಾಗೆ ತಕ್ಷಣ ದೂರು ಹೇಳುವುದಿಲ್ಲ. ಬಿಗಿ ಹೆಚ್ಚಾದರೆ ರಕ್ತ ಸಂಚಾರ ನಿಂತು ಅಂಚು ಸಾಯುತ್ತದೆ.

6. ಅಳತೆ ಬಿಡಬೇಡಿ. ಸೀಳಿನ ಎರಡೂ ಬದಿಗೆ 5 ಮಿ.ಮೀ. ದೂರದಲ್ಲಿ ಪೆನ್ನಿನಿಂದ ಎದುರುಬದುರು ಚುಕ್ಕಿ ಇಟ್ಟು ಹೊಲಿಯಿರಿ. ಗಂಟುಗಳೆಲ್ಲ ಒಂದೇ ಬದಿಗಿರಲಿ. ಅಜ್ಜಿ ಕೌದಿ ಹೊಲಿಯುವಾಗ ಪಕ್ಕ ಕೂತು ನೋಡಿ: ಗೆರೆ ಎಳೆಯದೆಯೇ ಸಾಲು ಸಮ, ಅಂತರ ಸಮ. ರಕ್ತನಾಳ ಹೊಲಿಯುವ ವಿಧಾನಕ್ಕಾಗಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್ ಫ್ರಾನ್ಸಿನ ಲಿಯೋನ್‌ನಲ್ಲಿ ಒಬ್ಬ ಕಸೂತಿಗಾರ್ತಿಯ ಹತ್ತಿರವೇ ಪಾಠ ಹೇಳಿಸಿಕೊಂಡಿದ್ದ. ಮೊದಲು ಅಂದ, ವೇಗ ಆಮೇಲೆ.

7. ಕೊನೆಗೆ ಕೋಳಿ ತೊಡೆ. ಚರ್ಮ ಸುಲಿಯದೆ ಕೊಡಿ ಎಂದು ಅಂಗಡಿಯಲ್ಲಿ ಹೇಳಿ. ಚರ್ಮ, ಕೊಬ್ಬು, ಮಾಂಸದ ಪದರಗಳು ಬಾಳೆಹಣ್ಣಿನಲ್ಲಿ ಸಿಗುವುದಿಲ್ಲ. ಗ್ಲೌಸ್ ಹಾಕಿ. ಹೊಲಿದದ್ದನ್ನು ಅಡುಗೆಗೆ ಬಳಸಬೇಡಿ, ಮಣೆಯನ್ನು ಸೋಪಿನಿಂದ ತೊಳೆಯಿರಿ. ಮಾಂಸ ತರದ ಮನೆಯಲ್ಲಿ ಸ್ಪಂಜು ಸಾಕು.

8. ಸೂಜಿ ಎಣಿಸಿ ಏಳಿ. ತೆಗೆದದ್ದೆಷ್ಟೋ ಅಷ್ಟೂ ದಪ್ಪ ಪ್ಲಾಸ್ಟಿಕ್ ಡಬ್ಬಿ ಸೇರಬೇಕು. ಆಸ್ಪತ್ರೆಗಳಲ್ಲಿ 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಚೂಪು ಸಾಮಾನಿಗೆ ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಯೇ ಇರುತ್ತದೆ. ರಜೆ ಮುಗಿಸಿ ಹೋಗುವಾಗ ನಿಮ್ಮದನ್ನೂ ಅಲ್ಲಿಗೇ ತಲುಪಿಸಿ.

ಕೈ ಎಷ್ಟೇ ಪಳಗಲಿ, ಮನೆಯವರ ಗಾಯಕ್ಕೆ ಈ ಸೂಜಿ ಮುಟ್ಟಿಸಬೇಡಿ. ತಮ್ಮನ ಮೊಣಕಾಲು ಸೀಳಿದರೆ ಶುದ್ಧ ಬಟ್ಟೆ ಒತ್ತಿ ಹಿಡಿದು ಗಂಗಾವತಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಗಾಯ ತೊಳೆದು, ಮರಗಟ್ಟಿಸಿ, ಧನುರ್ವಾಯು ಲಸಿಕೆ ಆಗಿದೆಯೇ ನೋಡಿಕೊಂಡು ಹೊಲಿಯುತ್ತಾರೆ. ಡಾಕ್ಟರ್ ಅನುಮತಿ ಕೊಟ್ಟರೆ ಪಕ್ಕದಲ್ಲಿ ನಿಂತು ನೋಡಿ. ಒಂಬತ್ತನೇ ಸೂತ್ರ ಅಲ್ಲಿಂದ ಶುರು.