ಒಪೆರಾ ಹೌಸ್: ಮುಚ್ಚಿದ ಬಾಗಿಲು ಮತ್ತೆ ತೆರೆದ ಬಗೆ

ಚರ್ನಿ ರೋಡಿನಲ್ಲಿ ಗಾಡಿಯಿಳಿದು ಕೆಲಸಕ್ಕೆ ಹೋಗುವ ನಮ್ಮವರಿಗೆ ‘ಒಪೆರಾ ಹೌಸ್’ ಎಂಬ ಹೆಸರು ಹೊಸದಲ್ಲ. ಆದರೆ ಅದು ಬರಿಯ ಪೇಟೆಯ ಹೆಸರಲ್ಲ, ಒಂದು ನಾಟಕ ಮಂದಿರದ ಹೆಸರು ಎಂಬುದನ್ನು ನಾವು ಬಹಳ ಮಂದಿ ಮರೆತೇಬಿಟ್ಟಿದ್ದೆವು. ಮರೆಯಲು ಕಾರಣವೂ ಇತ್ತು. 1993ರಿಂದ 2016ರವರೆಗೆ, ಇಪ್ಪತ್ತಮೂರು ವರ್ಷ, ಅದರ ಬಾಗಿಲು ಮುಚ್ಚಿತ್ತು.

ಒಪೆರಾ ಎಂದರೆ ಹಾಡಿನಲ್ಲಿಯೇ ಕಥೆ ನಡೆಯಿಸುವ ಯುರೋಪಿನ ನಾಟಕ. ಕಲ್ಕತ್ತೆಯ ನಾಟಕ ವ್ಯವಸ್ಥಾಪಕ ಮೋರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲ ದಲ್ಲಾಳಿ ಜಹಾಂಗೀರ್ ಫ್ರಾಮ್ಜಿ ಕರಾಕಾ ಸೇರಿ ಇದನ್ನು ಕಟ್ಟಿಸಿದರು. ಕೆಲಸ ಇನ್ನೂ ಮುಗಿದಿರದಾಗಲೇ, 1911ರಲ್ಲಿ, ಐದನೆಯ ಜಾರ್ಜ್ ದೊರೆ ಇದನ್ನು ಉದ್ಘಾಟಿಸಿದರು. ‘ರಾಯಲ್’ ಎಂಬ ಹೆಸರು ಅದರ ನೆನಪು.

ದೊರೆಗಳಿಗಾಗಿ ಎದ್ದ ಕಟ್ಟಡ ಬೇಗನೆ ಜನರದಾಯಿತು. ಬಾಲಗಂಧರ್ವ, ದೀನಾನಾಥ ಮಂಗೇಶಕರ್, ಪೃಥ್ವಿರಾಜ ಕಪೂರ್ ಇಲ್ಲಿ ರಂಗವೇರಿದರು. ಇಲ್ಲಿ ನಮಗೂ ಒಂದು ನಂಟುಂಟು. ಬಾಲಗಂಧರ್ವರು ಬೆಳೆದದ್ದು ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ. 1880ರಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

1930ರ ದಶಕದಲ್ಲಿ ಮಂದಿರವು ಸಿನಿಮಾಕ್ಕೆ ಒಗ್ಗಿತು. 1952ರಲ್ಲಿ ಗೊಂಡಲ್ ಮಹಾರಾಜರು ಕೊಂಡರು. ಮುಂದೆ ಮನೆಮನೆಗೆ ಟಿ.ವಿ., ವೀಡಿಯೋ ಬಂದವು. ಕುರ್ಚಿಗಳು ಖಾಲಿಯಾದವು, ನಷ್ಟ ಏರಿತು, ಬೀಗ ಬಿತ್ತು.

ಬೀಗ ಬಿದ್ದ ಕಟ್ಟಡಕ್ಕೆ ಮೊದಲ ಶತ್ರು ನೀರು. ಮುಂಬಯಿಯ ಮಳೆ ಮಾಡಿನ ಒಂದು ಬಿರುಕಿನಿಂದ ಇಳಿದರೆ ಸಾಕು: ಮರ ಕೊಳೆಯುತ್ತದೆ, ಗಾರೆ ಉದುರುತ್ತದೆ, ಗೋಡೆಯಲ್ಲಿ ಗಿಡ ಬೇರೂರುತ್ತದೆ. ಆದ್ದರಿಂದ ಇಂಥ ಕಟ್ಟಡ ಉಳಿಸುವವರು ಬಣ್ಣದಿಂದ ಆರಂಭಿಸುವುದಿಲ್ಲ. ಮೊದಲು ಮಾಡು ಮತ್ತು ಆಧಾರ, ಆಮೇಲೆ ಅಂದಚಂದ.

ಗೊಂಡಲ್ ಮನೆತನದವರು ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರಿಗೆ ಈ ಕೆಲಸವನ್ನು ಒಪ್ಪಿಸಿದರು. ಹಳೆಯ ಚಿತ್ರಗಳನ್ನು ಹುಡುಕಿ, ಸಿನಿಮಾ ಕಾಲದಲ್ಲಿ ಅಳಿದುಹೋದ ಭಾಗಗಳನ್ನು ಅವುಗಳ ಆಧಾರದಿಂದ ಮತ್ತೆ ಕಟ್ಟಿದರು. 2012ರಲ್ಲಿ ಜಗತ್ತಿನ ಅಪಾಯದಂಚಿನ ಸ್ಮಾರಕಗಳ ಪಟ್ಟಿಯಲ್ಲಿ ಇದರ ಹೆಸರು ಬಂದುದರಿಂದ ಹೊರಗಿನವರ ಕಣ್ಣೂ ಇತ್ತ ತಿರುಗಿತು. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಮರುವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ದೊರೆಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಕಟ್ಟಡವನ್ನು ಮುಪ್ಪು ಕೊಲ್ಲುವುದಿಲ್ಲ, ಅಲಕ್ಷ್ಯ ಕೊಲ್ಲುತ್ತದೆ. ಒಂದು ಹೆಂಚು ಸರಿದಾಗಲೇ ಸರಿಪಡಿಸಿದರೆ ಖರ್ಚು ಸಣ್ಣದು. ಇಪ್ಪತ್ತು ವರ್ಷ ತಡೆದರೆ ಅರಮನೆಯವರಿಗೂ ಭಾರ. ಊರಿನ ಗುಡಿಗೂ ಶಾಲೆಗೂ ನಮ್ಮ ಈ ವಾಚನಾಲಯಕ್ಕೂ ಇದೇ ಲೆಕ್ಕ.

ಮುಂದಿನ ಭಾನುವಾರ ಚೌಪಾಟಿಗೆ ಹೋಗುವವರು ದಾರಿಯಲ್ಲಿ ಐದು ನಿಮಿಷ ನಿಂತು ಆ ಮುಖಮಂಟಪವನ್ನು ತಲೆಯೆತ್ತಿ ನೋಡಿರಿ. ಒಳಗೆ ಹೋಗಲು ಟಿಕೆಟ್ಟು ಬೇಕು. ಹೊರಗಿನಿಂದ ನೋಡಲು ಪುರುಸೊತ್ತೊಂದಿದ್ದರೆ ಸಾಕು.